ಕಣ್ಣಿ ಕಡಿಯುವ ಕರುಗಳು, ಅಡಿಕೆ ಹಾಳೆ ಮತ್ತು ನಾನು

ಆ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಕಣ್ಣಿ, ಅಂದರೆ ದನ ಕಟ್ಟುವ ಹಗ್ಗ, ಉಳಿಯುತ್ತಿರಲಿಲ್ಲ. ತೆಂಗಿನ ನಾರಿನದ್ದಿರಲಿ, ಪ್ಲಾಸ್ಟಿಕ್ ಹಗ್ಗ ಇರಲಿ, ಸಂಜೆ ಕಟ್ಟಿದ್ದು ಬೆಳಗಾಗುವಷ್ಟರಲ್ಲಿ ಅಗಿದು ಅಗಿದು ಜುಂಗಾಗಿರುತ್ತಿತ್ತು. ಒಂದು ಕಡಸು ಗೋಡೆ ನೆಕ್ಕುತ್ತಿತ್ತು. ಇನ್ನೊಂದು ಪಕ್ಕದ ಕರುವಿನ ಕಿವಿ ಚೀಪುತ್ತಿತ್ತು. ನನ್ನ ಲುಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಎಳೆದದ್ದಕ್ಕಂತೂ ಲೆಕ್ಕವೇ ಇಲ್ಲ. ಹಾಲು ಕರೆಯೋಕೆ ಹೋದ ಅಮ್ಮ ಒಂದು ದಿನ ಕೊಟ್ಟಿಗೆಯಿಂದಲೇ ಕೂಗಿದರು. "ಇವಕ್ಕೆ ಎಂತ ಆಗಿದೆ ಮಾರಾಯ, ಹೊಟ್ಟೆಗೆ ಹಾಕ್ತೀಯೋ ಇಲ್ವೋ?" ಹೊಟ್ಟೆಗೆ ಹಾಕುತ್ತಿದ್ದೆ. ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಿದ್ದೆ. ಅದಕ್ಕೇ ನನಗೆ ಜಾಸ್ತಿ ತಲೆಬಿಸಿ.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯವನು. ಸ್ವಲ್ಪ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಕರೆಯುವ ದನ ಐದು. ನಾನು ಹೇಳುವುದು ಎಳೆಯ ನಾಲ್ಕರ ಕತೆ. ಚುಕ್ಕಿ ಮತ್ತು ತುಂಗಾ ಜರ್ಸಿ ಮಿಶ್ರತಳಿ, ಒಂದಕ್ಕೆ ಹನ್ನೊಂದು ತಿಂಗಳು, ಇನ್ನೊಂದಕ್ಕೆ ಒಂಬತ್ತು. ಕಪಿಲೆ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಏಳು ತಿಂಗಳು, ಬಕೆಟ್ಟಿನಲ್ಲಿ ಹಾಲು ಕುಡಿದು ಬೆಳೆದದ್ದು. ಕೊನೆಯದು ಕೌಲಿ, ಮಲೆನಾಡು ಗಿಡ್ಡ, ಐದು ತಿಂಗಳು, ಇನ್ನೂ ಅಮ್ಮನ ಹಿಂದೆ ಬೆಟ್ಟಕ್ಕೆ ಹೋಗಿ ಬರುವ ಪುಟಾಣಿ. ಈ ಕೌಲಿ ನನಗೆ ಕಲಿಸಿದಷ್ಟು ಯಾರೂ ಕಲಿಸಿಲ್ಲ. ಅದು ಆಮೇಲೆ.

2023ರಲ್ಲಿ ಮಳೆ ಕೈಕೊಟ್ಟದ್ದು ಎಲ್ಲರಿಗೂ ನೆನಪಿದೆ ಅಲ್ವಾ? ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಅಂತ ಸರ್ಕಾರವೇ ಹೇಳಿದ ವರ್ಷ. ನಮಗೆ ಭದ್ರಾವತಿ, ಹೊನ್ನಾಳಿ ಕಡೆಯಿಂದ ಲಾರಿಯಲ್ಲಿ ಬರುತ್ತಿದ್ದ ಭತ್ತದ ಹುಲ್ಲು ಕಮ್ಮಿಯಾಯಿತು. ಬಂದದ್ದಕ್ಕೂ ಕೈ ಹಚ್ಚುವ ಹಾಗಿರಲಿಲ್ಲ, ಅಷ್ಟು ರೇಟು. ಬೆಟ್ಟದ ಒಣ ಹುಲ್ಲು, ಕರಡ, ಕೊಯ್ಯೋಣ ಅಂದರೆ ಆಳು ಸಿಗುವುದಿಲ್ಲ. ತೋಟದಲ್ಲಿ ನೋಡಿದರೆ ದಿನಾ ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪಟ್ಟೆ, ಬೀಳುತ್ತಿದೆ. ಚಳಿಗಾಲ ಮುಗಿಯುತ್ತಾ ಬಂದ ಹಾಗೆ ದಬದಬ ಬೀಳುತ್ತೆ. ಒಂದಷ್ಟು ಹಾಳೆ ತಟ್ಟೆ ಮಾಡುವವರಿಗೆ ಹೋಗುತ್ತಿತ್ತು, ಹರಿದದ್ದು, ಸೊಟ್ಟಗಿದ್ದದ್ದು ತೋಟದಲ್ಲೇ ಕೊಳೆಯುತ್ತಿತ್ತು. ಹಾಳೆಯನ್ನು ಮೇವಾಗಿ ಹಾಕುವುದು ಹೊಸದೇನಲ್ಲ, ನಮ್ಮ ಜಿಲ್ಲೆಯಲ್ಲೂ ಘಟ್ಟದ ಕೆಳಗೂ ಬಹಳ ಜನ ಮಾಡುತ್ತಾರೆ. ಹಸಿವಿಗೆ ಹುಲ್ಲಿನ ಜಾಗದಲ್ಲಿ ಹಾಳೆ ನಿಲ್ಲುತ್ತೆ. ಹುಲ್ಲಿನ ಹಾಗೇ ನಾರು ಜಾಸ್ತಿ, ಪ್ರೋಟೀನ್ ಕಮ್ಮಿ. ಅಷ್ಟು ಗೊತ್ತಿದ್ದೇ ಕೈ ಹಾಕಿದೆ.

ಶುರು ಮಾಡುವಾಗ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿದ್ದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ಮೇಲೆ ಬಿದ್ದ ಹಾಳೆ ಮುಟ್ಟುವುದಿಲ್ಲ. ಆ ಔಷಧಿ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಹಾಳೆಯ ಮೇಲೆ ನೀಲಿ ಕಲೆ ಕೂತಿರುತ್ತೆ. ದೊಡ್ಡ ದನ ಸ್ವಲ್ಪ ತಡೆದುಕೊಳ್ಳಬಹುದು, ಹಾಲು ಕುಡಿಯುವ ಎಳೆ ಕರುವಿನ ಹೊಟ್ಟೆ ತಾಮ್ರವನ್ನು ಬೇಗ ಎಳೆದುಕೊಂಡುಬಿಡುತ್ತೆ. ಹಾಗಾಗಿ ಜನವರಿಯಿಂದ ಮೇ ಒಳಗೆ ಬಿದ್ದ ಹಾಳೆ, ಅದೂ ಬಿದ್ದ ದಿನವೇ ಹೆಕ್ಕಿ ಅಂಗಳದಲ್ಲಿ ಒಣಗಿಸಿದ್ದು. ಇಬ್ಬನಿಯಲ್ಲಿ ನೆನೆದು ಬೂಸ್ಟು ಹಿಡಿದದ್ದು ಗೊಬ್ಬರದ ಗುಂಡಿಗೆ. ಇದರಲ್ಲಿ ರಾಜಿ ಇಲ್ಲ.

ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ನಾನು ಜಾಣತನ ತೋರಿಸಿದೆ. ಪಕ್ಕದ ಊರಿನ ಒಬ್ಬರ ಮನೆಯಲ್ಲಿ ಪುಡಿ ಮಾಡುವ ಮಷಿನ್ ಇತ್ತು. ಹಾಳೆ ಗಟ್ಟಿ, ಎಳೆ ಕರುಗಳ ಹಲ್ಲಿಗೆ ಕಷ್ಟ, ಪುಡಿ ಮಾಡಿ ಹಿಂಡಿ ಜೊತೆ ಕಲಸಿದರೆ ಚೂರೂ ಬಿಡದೆ ತಿನ್ನುತ್ತವೆ ಅಂತ ನನ್ನ ಲೆಕ್ಕ. ಅವರ ದೊಡ್ಡ ದನಗಳು ತಿನ್ನುವುದನ್ನು ಕಣ್ಣಾರೆ ನೋಡಿದ್ದೆ. ಹತ್ತು ಚೀಲ ಪುಡಿ ಮಾಡಿಸಿ ಜೀಪಿನಲ್ಲಿ ಹಾಕಿಕೊಂಡು ಬಂದೆ.

ಮೊದಲ ದಿನ ಚುಕ್ಕಿ ಗೋದಲಿಗೆ ಮೂಗು ಇಳಿಸಿತು. ಬುಸ್ ಅಂತ ಉಸಿರು ಬಿಟ್ಟಿತು. ಪುಡಿ ಹಾರಿ ಮುಖಕ್ಕೆಲ್ಲ ಬಡಿಯಿತು. ಕಣ್ಣು ಮುಚ್ಚಿ ಎರಡು ಸಲ ಸೀನಿ, ಕಣ್ಣಿ ಬಿಗಿಯುವಷ್ಟು ಹಿಂದಕ್ಕೆ ಸರಿದು, ನನ್ನ ಮುಖ ನೋಡಿತು. ಆ ನೋಟ ಇನ್ನೂ ಮರೆತಿಲ್ಲ. ತುಂಗಾ ಹತ್ತಿರ ಬರಲೇ ಇಲ್ಲ. ಕಪಿಲೆ ನಾಲಿಗೆ ತುದಿಯಲ್ಲಿ ಒಂದು ಸಲ ಮುಟ್ಟಿ ನೋಡಿ ತಲೆ ಕೊಡವಿತು. ದನ ಹೊಸ ಆಹಾರ ಕಂಡರೆ ಅನುಮಾನ ಪಡುವುದು ಅದರ ಹುಟ್ಟುಗುಣ. ಮೊದಲು ಒಂಚೂರು ತಿಂದು, ಹೊಟ್ಟೆ ಏನು ಹೇಳುತ್ತೆ ಅಂತ ಕಾಯುತ್ತೆ. ಬೆಟ್ಟದಲ್ಲಿ ವಿಷದ ಸೊಪ್ಪು ಕಮ್ಮಿ ಇದೆಯಾ? ಆ ಅನುಮಾನ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮಲೆನಾಡಿನಲ್ಲಿ ದನವೇ ಇರುತ್ತಿರಲಿಲ್ಲ.

ಧೂಳು ಏಳದಿರಲಿ ಅಂತ ಮರುದಿನದಿಂದ ಅಕ್ಕಚ್ಚು ಹಾಕಿ ಕಲಸಿದೆ. ಅನ್ನದ ಗಂಜಿ, ತೌಡು, ಚೂರು ಬೆಲ್ಲ. ಬೆಲ್ಲದ ವಾಸನೆಗೆ ಕಪಿಲೆ ಬಾಯಿ ಹಾಕಿತು. ಒಂದು ವಾರದಲ್ಲಿ ಮೂರೂ ಗಬಗಬ ತಿನ್ನತೊಡಗಿದವು. ತಿನ್ನುವುದಲ್ಲ ಅದು, ಕುಡಿಯುವುದು. ಹತ್ತು ನಿಮಿಷದಲ್ಲಿ ಗೋದಲಿ ಖಾಲಿ, ನೆಕ್ಕಿ ನೆಕ್ಕಿ ಸಿಮೆಂಟು ಹೊಳೆಯುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ. ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಯಿತು, "ನೋಡಿ, ಒಂದು ಕಾಳು ವೇಸ್ಟ್ ಇಲ್ಲ" ಅಂತ.

ಮೂರನೇ ವಾರದಿಂದ ಕಣ್ಣಿ ಕಡಿಯುವುದು ಶುರುವಾಯಿತು.

ಮೊದಲು ನನಗೆ ಹೊಳೆದದ್ದು ಖನಿಜದ ಕೊರತೆ. ನಮ್ಮ ಮಣ್ಣು ಹುಳಿ, ಸುರಿಯುವ ಮಳೆಗೆ ಸಾರ ಎಲ್ಲ ತೊಳೆದು ಹೋಗುತ್ತೆ, ಅದರಲ್ಲಿ ಬೆಳೆದ ಹುಲ್ಲಿನಲ್ಲಿ ರಂಜಕ ಕಮ್ಮಿ. ರಂಜಕ ಕಮ್ಮಿಯಾದ ದನ ಮಣ್ಣು, ಮೂಳೆ, ಬಟ್ಟೆ, ಚಪ್ಪಲಿ ಏನು ಸಿಕ್ಕಿದರೂ ಬಾಯಿಗೆ ಹಾಕುತ್ತೆ. ಇದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಎರಡನೆಯದು ಹುಳ. ಗದ್ದೆ ಬದಿಯ ನೀರಿನಲ್ಲಿ ಬಸವನಹುಳು ಇರುವ ಕಡೆ ಲಿವರ್ ಹುಳದ ಕಾಟ ಇದ್ದೇ ಇದೆ, ಕರುಗಳಿಗೆ ದುಂಡು ಹುಳದ ಕಾಟ ಬೇರೆ. ಸಗಣಿ ಪರೀಕ್ಷೆ ಮಾಡಿಸಿದೆ, ಔಷಧಿ ಕುಡಿಸಿದೆ. ಖನಿಜ ಮಿಶ್ರಣ ದಿನಾ ಕೊಡತೊಡಗಿದೆ, ಕೌಲಿಗೆ 20 ಗ್ರಾಂ, ದೊಡ್ಡವಕ್ಕೆ 50 ಗ್ರಾಂ. ಚಿಟಿಕೆ ಉಪ್ಪು. ಒಂದು ತಿಂಗಳಿಗೆ ಗೋಡೆ ನೆಕ್ಕುವುದು ಹೆಚ್ಚು ಕಮ್ಮಿ ನಿಂತಿತು. ಅಂದರೆ ಆ ಕೊರತೆಯೂ ಇತ್ತು ಅಂತಾಯಿತು. ಆದರೆ ಕಣ್ಣಿ ಅಗಿಯುವುದು, ಕಿವಿ ಚೀಪುವುದು ನಿಲ್ಲಲಿಲ್ಲ. ಚುಕ್ಕಿ ಈಗ ಕಪಿಲೆಯ ಹೊಕ್ಕುಳ ಹತ್ತಿರ ಮೂಗು ತೂರಿಸುತ್ತಿತ್ತು. ಹಿಂಡಿ ಹೆಚ್ಚು ಮಾಡಿದೆ. ಉಹುಂ.

ಪಶು ಆಸ್ಪತ್ರೆಯ ಡಾಕ್ಟರು ಬೇರೆ ದನಕ್ಕೆ ಸೂಜಿ ಹಾಕೋಕೆ ಬಂದಿದ್ದರು. ಸುಮ್ನೆ ಹೇಳಿಕೊಂಡೆ. ಏನು ಹಾಕ್ತೀರಿ, ಎಷ್ಟು ಹಾಕ್ತೀರಿ ಅಂತ ಕೇಳುತ್ತಾರೆ ಅಂದುಕೊಂಡು ಲೆಕ್ಕದ ಪುಸ್ತಕ ತೆಗೆದೆ. ಅವರು ಕೇಳಿದ್ದು ಬೇರೆ.

"ತಿನ್ನೋಕೆ ಎಷ್ಟು ಹೊತ್ತು ಬೇಕು ಇವಕ್ಕೆ?"

"ಹತ್ತು ನಿಮಿಷ ಡಾಕ್ಟ್ರೇ. ಬಹಳ ಚುರುಕು."

"ಆಮೇಲೆ ಎಂತ ಮಾಡ್ತಾವೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋದಲಿ ಖಾಲಿಯಾದ ಮೇಲೆ ಕೊಟ್ಟಿಗೆಯಲ್ಲಿ ನಿಂತು ನೋಡುವ ಅಭ್ಯಾಸ ಯಾರಿಗಿದೆ? ಅವರು ಚುಕ್ಕಿಯ ಪಕ್ಕೆ ಮೇಲೆ ಕೈಯಿಟ್ಟು ನಿಂತರು. ಮೆಲುಕು ಹಾಕುತ್ತಾ ಇಲ್ಲ ನೋಡಿ ಅಂದರು. ಆಮೇಲೆ ಸಲೀಸಾಗಿ ವಿವರಿಸಿದರು. ದನದ ಬಾಯಿ ದಿನದ ಹೆಚ್ಚಿನ ಹೊತ್ತು ಕೆಲಸ ಮಾಡೋಕೆ ಅಂತಲೇ ಆಗಿರುವುದು. ಮೇಯುವುದೋ ಮೆಲುಕು ಹಾಕುವುದೋ ಒಂದು ನಡೆಯುತ್ತಿರಬೇಕು. ಉದ್ದ ಇರುವ ನಾರು ಹೊಟ್ಟೆಯ ಗೋಡೆಗೆ ಚುಚ್ಚಿದರೆ ಮಾತ್ರ ಮೆಲುಕು ಬರುತ್ತೆ. ಮೆಲುಕು ಹಾಕಿದರೆ ಜೊಲ್ಲು ಬರುತ್ತೆ, ದೊಡ್ಡ ದನ ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲು ನುಂಗುತ್ತೆ, ಆ ಜೊಲ್ಲೇ ಹೊಟ್ಟೆಯ ಹುಳಿಗೆ ಮದ್ದು. ನೀವು ಹಾಳೆಯ ನಾರನ್ನು ಮಷಿನ್ನಿಗೆ ಹಾಕಿ ಅಗಿಸಿಬಿಟ್ಟಿದ್ದೀರಿ, ಇವಕ್ಕೆ ಅಗಿಯೋಕೆ ಏನೂ ಉಳಿದಿಲ್ಲ, ಅದಕ್ಕೆ ಕಣ್ಣಿ ಹುಡುಕಿಕೊಂಡಿವೆ.

ಹೋಗುವಾಗ ಬೈಕಿನ ಮೇಲೆ ಕೂತು ಇನ್ನೊಂದು ಮಾತು ಹೇಳಿದರು. "ನಾನು ಹೇಳಿದೆ ಅಂತ ನಂಬಬೇಡಿ. ನಾಲ್ಕು ದಿನ ಕೂತು ನೋಡಿ."

ಸರಿ, ಕೂತೆ. ಮಗಳ ಹಳೆ ನೋಟ್‌ಬುಕ್ಕು, ಮೊಬೈಲಿನಲ್ಲಿ ಅಲಾರಂ. ಮಧ್ಯಾಹ್ನ ಮೂರರಿಂದ ಆರರವರೆಗೆ, ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡುವುದು, ಆ ಕ್ಷಣ ಯಾವ ಕರು ಏನು ಮಾಡುತ್ತಿದೆಯೋ ಅದಕ್ಕೆ ಒಂದು ಅಕ್ಷರ. ತಿನ್ನುತ್ತಿದ್ದರೆ 'ತಿ', ಮೆಲುಕು ಹಾಕುತ್ತಿದ್ದರೆ 'ಮೆ', ಸುಮ್ನೆ ನಿಂತಿದ್ದರೆ 'ನಿ', ಮಲಗಿದ್ದರೆ 'ಮ', ಕಣ್ಣಿಯೋ ಕಿವಿಯೋ ಬಾಯಲ್ಲಿದ್ದರೆ 'ಚೀ'. ಮೂರು ಗಂಟೆಗೆ ಹದಿನೆಂಟು ಅಕ್ಷರ. ಹೆಂಡತಿ ಕಾಫಿ ತಂದುಕೊಟ್ಟು ನಗುತ್ತಾ ಹೋದಳು. ಪುಡಿ ತಿನ್ನುವ ದಿನಗಳಲ್ಲಿ ಚುಕ್ಕಿಯ ಸಾಲಿನಲ್ಲಿ 'ಚೀ' ಏಳು ಸಲ ಬಂತು, 'ನಿ' ಆರು, 'ಮೆ' ಎರಡೇ ಎರಡು. ಕಪಿಲೆಯದ್ದೂ ಹೆಚ್ಚು ಕಮ್ಮಿ ಹಾಗೇ. ತುಂಗಾದ ಸಾಲಿನಲ್ಲಿ ಬರೀ 'ನಿ'. ಅದು ಏನೂ ಮಾಡದೆ ಮೂಲೆಯಲ್ಲಿ ನಿಲ್ಲುತ್ತಿತ್ತು. ಅದರ ಕತೆ ಬೇರೆಯೇ ಇತ್ತು, ಹೇಳ್ತೀನಿ.

ಆಮೇಲೆ ಹಾಳೆಯನ್ನು ಪುಡಿ ಬಿಟ್ಟು ತುಂಡು ಮಾಡಿದೆ. ಹುಲ್ಲು ಕತ್ತರಿಸುವ ಚಾಫ್ ಕಟರ್ ನಮ್ಮಲ್ಲೇ ಇದೆ. ಒಮ್ಮೆಲೇ ಬದಲಾಯಿಸಲಿಲ್ಲ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೂ ಹೊಂದಿಕೊಳ್ಳೋಕೆ ಸಮಯ ಬೇಕು. ನಾಲ್ಕನೇ ಒಂದು ಪಾಲಿನಿಂದ ಶುರು ಮಾಡಿ ಮೂರು ವಾರದಲ್ಲಿ ಪೂರ್ತಿ ತುಂಡಿಗೆ ತಂದೆ. ಅದೇ ಹಾಳೆ, ಅದೇ ತೂಕ, ಅದೇ ಹಿಂಡಿ. ಹತ್ತು ನಿಮಿಷದ ಊಟ ಒಂದು ಗಂಟೆ ದಾಟಿತು. ಮತ್ತೆ ನೋಟ್‌ಬುಕ್ಕು ಹಿಡಿದು ಕೂತೆ. ಚುಕ್ಕಿಯ ಹದಿನೆಂಟರಲ್ಲಿ 'ತಿ' ಆರು, 'ಮೆ' ಏಳು, 'ಚೀ' ಎರಡು.

ನನ್ನದು ಸಂಶೋಧನೆ ಏನಲ್ಲ, ನಾಲ್ಕು ಕರು, ಒಂದು ಕೊಟ್ಟಿಗೆ. ಬಿಸಿಲು ಜಾಸ್ತಿ ಇದ್ದ ದಿನ, ನೊಣ ಇದ್ದ ದಿನ ಲೆಕ್ಕ ಏರುಪೇರಾಗುತ್ತಿತ್ತು. ಆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಟಾರ್ಚ್ ಹಿಡಿದು ಹೋದೆ. ಲೈಟು ಹಾಕಲಿಲ್ಲ, ಬಾಗಿಲಲ್ಲೇ ನಿಂತೆ. ಕತ್ತಲಲ್ಲಿ ನಾಲ್ಕೂ ಮಲಗಿ ಮೆಲುಕು ಹಾಕುವ ಸದ್ದು, ನೀರಿನಲ್ಲಿ ನೆಂದ ಬಟ್ಟೆ ಹಿಂಡಿದ ಹಾಗೆ. ಗುಟುಕ್ ಅಂತ ನುಂಗಿ, ಸ್ವಲ್ಪ ತಡೆದು, ಗಂಟಲಲ್ಲಿ ಉಂಡೆ ಮೇಲೆ ಬಂದು, ಮತ್ತೆ ಶುರು. ಎಣಿಸಿದೆ. ಚುಕ್ಕಿ ಒಂದು ಉಂಡೆಗೆ 52 ಸಲ ಅಗಿಯಿತು, ಇನ್ನೊಂದಕ್ಕೆ 57. ಪುಡಿಯ ದಿನಗಳಲ್ಲಿ ಆ ಹೊತ್ತಿಗೆ ಹೋದರೆ ನಿಂತು ಕಣ್ಣಿ ಎಳೆಯುವ ಸದ್ದೇ ಇರುತ್ತಿತ್ತು.

ತುಂಡಿನ ಅಳತೆ ಹುಡುಕೋಕೆ ಇನ್ನೂ ಒಂದು ತಿಂಗಳು ಹೋಯಿತು. ಮೂರು ಇಂಚು ಕತ್ತರಿಸಿದರೆ ಮೂಗಿನಿಂದ ತಳ್ಳಿ ತಳ್ಳಿ ಅಡಿಯಲ್ಲಿರುವ ಹಿಂಡಿ, ತೌಡು ಆರಿಸಿ ತಿಂದು ಹಾಳೆಯನ್ನು ಕಾಲಡಿಗೆ ಬೀಳಿಸುತ್ತಿದ್ದವು. ಆರಿಸುವುದರಲ್ಲಿ ಇವು ಮದುವೆ ಮನೆಯಲ್ಲಿ ಚಿತ್ರಾನ್ನದಿಂದ ಕಡಲೆಬೀಜ ಹೆಕ್ಕುವ ಮಕ್ಕಳನ್ನೂ ಮೀರಿಸುತ್ತವೆ. ಹಾಗೆ ಆರಿಸಿ ತಿಂದರೆ ಒಂದಕ್ಕೆ ಹಿಂಡಿ ಜಾಸ್ತಿಯಾಗಿ ಸಗಣಿ ತೆಳುವಾಗುತ್ತೆ, ಇನ್ನೊಂದಕ್ಕೆ ಬರೀ ನಾರು. ಅರ್ಧ ಇಂಚಿಗಿಂತ ಸಣ್ಣದು ಮಾಡಿದರೆ ಮತ್ತೆ ಪುಡಿಯ ಹಾದಿಯೇ. ನಮಗೆ ಹಿಡಿಸಿದ್ದು ಒಂದು ಇಂಚು, ಹೆಬ್ಬೆರಳಿನ ತುದಿ ಗೆಣ್ಣಿನಷ್ಟು. ಸಂಜೆ ಹಾಕುವುದನ್ನು ಬೆಳಿಗ್ಗೆಯೇ ಉಪ್ಪು ನೀರು ಚಿಮುಕಿಸಿ ಮುಚ್ಚಿಡುತ್ತೇನೆ. ಮೆತ್ತಗಾಗುತ್ತೆ, ಹಿಂಡಿಯೂ ಅಂಟಿಕೊಳ್ಳುತ್ತೆ, ಆರಿಸೋಕೆ ಬರುವುದಿಲ್ಲ.

ತುಂಗಾದ ವಿಷಯ. ಪುಡಿ ಹಾಕುವಾಗ ಒಂದೇ ಉದ್ದ ಗೋದಲಿ, ಸಂಜೆ ಮೂರನ್ನೂ ಬಿಚ್ಚಿ ಬಿಡುತ್ತಿದ್ದೆ. ಊಟ ಹತ್ತೇ ನಿಮಿಷದ್ದಾದರೆ ಜಗಳ ಗ್ಯಾರಂಟಿ. ಮೊದಲು ಬಾಯಿ ಹಾಕಿದವನೇ ಗೆದ್ದ. ಚುಕ್ಕಿ ಕತ್ತಿನಿಂದ ಒಂದು ದೂಡು ಕೊಟ್ಟರೆ ಸಾಕು, ತುಂಗಾ ಹಿಂದೆ ಸರಿದು ಎಲ್ಲ ಮುಗಿದ ಮೇಲೆ ಬಂದು ನೆಕ್ಕುತ್ತಿತ್ತು. ನಾನು ಅದನ್ನು ಸಾಧು ಅಂತ ಹೊಗಳುತ್ತಿದ್ದೆ. ಅದು ಹಸಿದಿತ್ತು. ಊಟ ಉದ್ದವಾದ ಮೇಲೆ ದೂಡಾಟ ತನ್ನಿಂದ ತಾನೇ ಕಮ್ಮಿಯಾಯಿತು, ಯಾಕೆಂದರೆ ಒಂದು ಗಂಟೆ ಹೊತ್ತು ಯಾರನ್ನಾದರೂ ಕಾವಲು ಕಾಯೋಕೆ ಚುಕ್ಕಿಗೂ ಬೇಜಾರು. ಆದರೂ ಈಗ ನಾಲ್ಕು ಬೇರೆ ಬೇರೆ ಬುಟ್ಟಿ, ನಾಲ್ಕು ಮೂಲೆ. ಎರಡು ತಿಂಗಳಲ್ಲಿ ತುಂಗಾದ ಪಕ್ಕೆಲುಬು ಮುಚ್ಚಿತು.

ಹಾಳೆಯಿಂದ ಹೊಟ್ಟೆ ತುಂಬುತ್ತೆ, ಮೈ ಬರುವುದಿಲ್ಲ. ಬೆಳೆಯುವ ಕರುವಿಗೆ ಪ್ರೋಟೀನ್ ಬೇಕು. ಹಿಂಡಿ ರೇಟು ನೋಡಿ ನಾನು ಬೇಲಿಯ ಕಡೆ ತಿರುಗಿದೆ. ನಮ್ಮ ಬೇಲಿ ತುಂಬಾ ಗೊಬ್ಬರದ ಗಿಡ. ಗ್ಲಿರಿಸಿಡಿಯಾ ಅಂತಾರಲ್ಲ, ಅದೇ. ಅದರ ಎಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ. ಆದರೆ ಹಸಿ ಸೊಪ್ಪಿನ ವಾಸನೆ ದನಕ್ಕೆ ಆಗುವುದಿಲ್ಲ. ಹಾಕಿದ ಮೊದಲ ದಿನ ಮಿಶ್ರತಳಿ ಮೂರೂ ಮುಖ ತಿರುಗಿಸಿದವು. ಬೆಲ್ಲ ಸವರಿದೆ, ಬೆಲ್ಲ ನೆಕ್ಕಿ ಸೊಪ್ಪು ಬಿಟ್ಟವು. ಕೊಯ್ದು ಒಂದು ರಾತ್ರಿ ಬಾಡಿಸಿ ಹಾಕಿದೆ, ವಾಸನೆ ಕಮ್ಮಿಯಾಯಿತು, ಮೂಸಿ ನೋಡಿದವು ಅಷ್ಟೇ.

ಇಲ್ಲಿ ಕೌಲಿ ಬರುತ್ತೆ. ಅದರ ಅಮ್ಮ ಕಾಳಿ ಬೆಟ್ಟದ ದನ, ಬೇಲಿಯ ಗೊಬ್ಬರದ ಗಿಡ ಬಗ್ಗಿಸಿ ಮೇಯುವುದು ಅದರ ದಿನಚರಿ. ಕೌಲಿ ಅಮ್ಮನ ಬಾಯಿ ಪಕ್ಕವೇ ಬಾಯಿಟ್ಟು, ಅಮ್ಮ ಕಿತ್ತ ಎಲೆಯ ತುದಿಯನ್ನೇ ಎಳೆದು ತಿನ್ನುತ್ತಿತ್ತು. ಒಂದು ಸಂಜೆ ಅದು ಕೊಟ್ಟಿಗೆಗೆ ಬಂದು, ಚುಕ್ಕಿ ಬಿಟ್ಟ ಸೊಪ್ಪಿನ ರಾಶಿಗೆ ನೇರ ನುಗ್ಗಿ ಕರಕರ ತಿನ್ನತೊಡಗಿತು. ಕಪಿಲೆ ಕತ್ತು ಚಾಚಿ ಅದರ ಬಾಯಿ ಮೂಸಿತು. ಸೊಪ್ಪನ್ನಲ್ಲ, ತಿನ್ನುವ ಬಾಯಿಯನ್ನು. ಆಮೇಲೆ ಒಂದು ಎಲೆ ಎಳೆದುಕೊಂಡಿತು. ಮಾರನೇ ದಿನ ಬೇಕಂತಲೇ ಕೌಲಿಯನ್ನು ಇವುಗಳ ನಡುವೆ ಕಟ್ಟಿದೆ. ನಾಲ್ಕೈದು ದಿನದಲ್ಲಿ ಕಪಿಲೆ, ವಾರದಲ್ಲಿ ತುಂಗಾ, ಎಲ್ಲರಿಗಿಂತ ಕೊನೆಗೆ ಚುಕ್ಕಿ. ದೊಡ್ಡದಾದಷ್ಟೂ ಹಟ ಜಾಸ್ತಿ. ಎಳೆಯದು ಬೇಗ ಕಲಿಯುತ್ತೆ.

ಈಗ ಯಾವ ಹೊಸ ಮೇವು ತಂದರೂ ಇದೇ ದಾರಿ. ಅದನ್ನು ಮೊದಲೇ ತಿನ್ನುವ ದನವೊಂದನ್ನು ಕರುಗಳ ಕಣ್ಣೆದುರು ಕಟ್ಟಿ ತಿನ್ನಿಸುವುದು. ಬೆಲ್ಲ, ಉಪ್ಪು ಎಲ್ಲ ಅದರ ನಂತರ. ನಮ್ಮ ಮನೆಯಲ್ಲಿ ಕಾಳಿಗೆ ಈಗ ಮೇಷ್ಟ್ರಮ್ಮ ಅಂತ ಹೆಸರು. ಸೊಪ್ಪನ್ನು ಒಟ್ಟು ಹಸಿ ಮೇವಿನ ಕಾಲು ಭಾಗ ದಾಟಿಸುವುದಿಲ್ಲ, ಬಾಡಿಸದೆ ಹಾಕುವುದಿಲ್ಲ.

ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ ಅಜೋಲಾ ಕೂಡ ಮಾಡಿದೆ. ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು ಹಾಸಿದ ಗುಂಡಿ, ಸಗಣಿ ರಾಡಿ, ಸೂಪರ್ ಫಾಸ್ಫೇಟು. ಕರುಗಳು ತಿನ್ನದಿರೋಕೆ ಕಾರಣ ಅಜೋಲಾ ಅಲ್ಲ, ಅದಕ್ಕಂಟಿದ ಸಗಣಿ ವಾಸನೆ. ಮೂರು ನೀರಿನಲ್ಲಿ ತೊಳೆದು ಹಿಂಡಿ ಜೊತೆ ಕಲಸಿದರೆ ತಕರಾರಿಲ್ಲ. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರು, ಒಂದು ಬುಟ್ಟಿ ತೊಳೆದು ಹಾಕಿದರೂ ಒಣ ಲೆಕ್ಕಕ್ಕೆ ಒಂದು ಹಿಡಿ. ನಮ್ಮ ಮಳೆಗಾಲದಲ್ಲಿ ಗುಂಡಿ ತುಂಬಿ ಅಜೋಲಾ ತೋಟಕ್ಕೆ ಹರಿದು ಹೋಯಿತು. ಬಿಟ್ಟುಬಿಟ್ಟೆ.

ಕೋಕೋ ಸಿಪ್ಪೆಯದ್ದು ಬೇರೆ ಅಧ್ಯಾಯ. ಕೋಕೋ ಘಟ್ಟದ ಕೆಳಗೆ ಜಾಸ್ತಿ, ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ತೋಟದಲ್ಲಿದೆ. ನೆಂಟರೊಬ್ಬರು ಕಾಯಿ ಒಡೆದು ಬೀಜ ತೆಗೆದ ಮೇಲೆ ಸಿಪ್ಪೆ ದನಕ್ಕೆ ಹಾಕುತ್ತಾರೆ. 2024ರ ಮಳೆಗಾಲ ಕಳೆದ ಮೇಲೆ ನಾನೂ ನಾಲ್ಕು ಚೀಲ ತಂದೆ. ದೊಡ್ಡ ದನಗಳಿಗೆ ಸ್ವಲ್ಪ ಸ್ವಲ್ಪ ಹಾಕಿದೆ, ಏನೂ ಆಗಲಿಲ್ಲ. ಒಂದು ದಿನ ಕಪಿಲೆ ಕಣ್ಣಿ ಕಳಚಿಕೊಂಡು ಚೀಲಕ್ಕೆ ಬಾಯಿ ಹಾಕಿಬಿಟ್ಟಿದೆ. ಅದರಲ್ಲಿ ಒಡೆಯದೆ ಉಳಿದ ಕಾಯಿ, ಬೀಜದ ಗೊಂಚಲು ಕೂಡ ಇತ್ತು. ಸಂಜೆ ನೋಡಿದರೆ ಕಪಿಲೆ ನಿಂತಲ್ಲಿ ನಿಲ್ಲುತ್ತಿಲ್ಲ. ಕಾಲು ಬದಲಿಸುವುದು, ಬಾಲ ಬಡಿಯುವುದು, ಬಕೆಟ್ ಸದ್ದಿಗೆ ಬೆಚ್ಚಿ ಹಾರುವುದು. ಉಸಿರು ಜೋರು, ಮೈ ಮುಟ್ಟಿದರೆ ಚರ್ಮ ನಡುಗುತ್ತೆ. ಮಲಗಲೇ ಇಲ್ಲ. ಮೊದಲು ಹಾವು ಕಂಡು ಹೆದರಿದೆಯೋ ಅಂದುಕೊಂಡೆವು. ಡಾಕ್ಟರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಹೊಸದೇನು ತಿಂದಿದೆ?" ಕೋಕೋದಲ್ಲಿ ಥಿಯೋಬ್ರೋಮಿನ್ ಅಂತ ಇದೆ, ನಮ್ಮ ಕಾಫಿಯ ಕೆಫೀನಿನ ಅಣ್ಣ ತಮ್ಮ. ಬೀಜದಲ್ಲಿ ಜಾಸ್ತಿ, ಸಿಪ್ಪೆಯಲ್ಲಿ ಕಮ್ಮಿ. ಎಳೆ ಕರುವಿಗೆ ಬೇಗ ತಲೆಗೇರುತ್ತೆ. ರಾತ್ರಿ ಹೊತ್ತಲ್ಲೂ ಅವರು ಬಂದು ನೋಡಿ ಮದ್ದು ಕೊಟ್ಟರು. ಎರಡು ದಿನದಲ್ಲಿ ಸರಿಯಾಯಿತು, ನಮ್ಮ ಪುಣ್ಯ. ಉಳಿದ ಚೀಲ ಗೊಬ್ಬರಕ್ಕೆ ಹೋಯಿತು. ದೊಡ್ಡವಕ್ಕೆ ಹಾಕುವವರು ಹಾಕಲಿ, ಕರುವಿರುವ ಕಡೆ ಆ ಚೀಲ ಇಡಬೇಡಿ.

ಹಲಸಿನ ವಿಷಯ ನಮ್ಮ ಕಡೆ ಹೇಳಬೇಕಾಗಿಲ್ಲ, ಆದರೂ ಪ್ರತಿ ವರ್ಷ ಜೂನ್ ಬಂದರೆ ಯಾರ ಮನೆಯಲ್ಲಾದರೂ ಒಂದು ದನ ಹಲಸು ತಿಂದು ಬೀಳುತ್ತೆ. ಅದರ ಸಕ್ಕರೆ ಹೊಟ್ಟೆಯಲ್ಲಿ ಹುಳಿಯಾಗಿಬಿಡುತ್ತೆ. ದನ ಕುಡಿದವರ ಹಾಗೆ ತೂರಾಡುತ್ತೆ, ಹಲ್ಲು ಕಡಿಯುತ್ತೆ, ಮೆಲುಕು ನಿಲ್ಲಿಸುತ್ತೆ. ಮೆಲುಕು ನಿಂತಿತು ಅಂದ ಕೂಡಲೇ ಡಾಕ್ಟರನ್ನು ಕರೆಯಿರಿ, ಬೆಳಗಾಗಲಿ ಅಂತ ಕಾಯಬೇಡಿ. ನಾನು ಕರುಗಳಿಗೆ ಹಲಸಿನ ಸಿಪ್ಪೆ, ರಚ್ಚೆಯನ್ನು (ತೊಳೆಗಳ ನಡುವಿನ ನಾರು) ಒಂದು ಹಿಡಿ, ಹೊಟ್ಟೆ ತುಂಬಾ ಹಾಳೆ ತಿಂದ ಮೇಲೆ ಮಾತ್ರ ಕೊಡುತ್ತೇನೆ.

ಇನ್ನು ಕೆಲವನ್ನು ಕರುಗಳ ಹತ್ತಿರ ತರುವುದೇ ಇಲ್ಲ. ಯೂರಿಯಾ ಹಾಕಿ ಮಾಗಿಸಿದ ಹುಲ್ಲು ದೊಡ್ಡ ದನಕ್ಕೆ ಒಳ್ಳೆಯದೇ, 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 21 ದಿನ ಗಾಳಿಯಾಡದ ಹಾಗೆ ಮುಚ್ಚಿಡುವುದು. ಆದರೆ ಆರು ತಿಂಗಳೊಳಗಿನ ಕರುವಿಗೆ ಬೇಡ, ಅದನ್ನು ಅರಗಿಸುವ ಹೊಟ್ಟೆ ಅದಕ್ಕಿನ್ನೂ ಬಂದಿರುವುದಿಲ್ಲ. ಹತ್ತಿ ಹಿಂಡಿಯೂ ಹಾಗೇ, ಎಳೆ ಕರುವಿಗೆ ವಿಷವಿದ್ದ ಹಾಗೆ. ಮರಗೆಣಸಿನ ಹಸಿ ಸೊಪ್ಪಂತೂ ಯಾವ ದನಕ್ಕೂ ಬೇಡ.

ಬಕೆಟ್ಟಿನಲ್ಲಿ ಹಾಲು ಕುಡಿಸುವವರಿಗೆ ಒಂದು ಮಾತು. ಕಪಿಲೆಯನ್ನು ಬೆಳೆಸುವಾಗ ನಾನು ಮಾಡಿದ ತಪ್ಪು ಇದು. ಹಾಲು ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಕರುವಿಗೆ ಚೀಪುವ ಆಸೆ ಇದ್ದೇ ಇರುತ್ತೆ. ಆ ಹೊತ್ತಿನಲ್ಲಿ ಬಿಟ್ಟುಬಿಟ್ಟರೆ ಪಕ್ಕದ್ದರ ಕಿವಿ ಸಿಗುತ್ತೆ. ಈಗ ನಿಪ್ಪಲ್ ಇರುವ ಬಾಟಲಿ ಇಟ್ಟುಕೊಂಡಿದ್ದೇವೆ, ಕುಡಿದ ತಕ್ಷಣ ಬಾಯಿ ಒರೆಸಿ, ಒಂದು ಹಿಡಿ ಮೆತ್ತನೆ ಒಣ ಹುಲ್ಲು ಮುಂದೆ ಹಾಕುತ್ತೇವೆ. ಎರಡು ಮೂರು ವಾರದ ಕರುವೂ ಅದನ್ನು ಬಾಯಲ್ಲಿ ಹೊರಳಿಸುತ್ತೆ, ಮೆಲುಕು ಹಾಕೋಕೆ ಶುರುಮಾಡುವುದೂ ಆ ವಯಸ್ಸಿನಲ್ಲೇ.

2024ರ ದೀಪಾವಳಿಗೆ ಹೊಸ ಕಣ್ಣಿ ಹಾಕಿದೆವು. ಗೋಪೂಜೆಗೆ ಅಡಿಕೆ, ಸಿಂಗಾರ, ಪಚ್ಚೆತೆನೆ ಪೋಣಿಸಿದ ಸರ ಹಾಕಿದರೆ ತುಂಗಾ ಕಪಿಲೆಯ ಸರ ತಿಂದಿತು, ಕಪಿಲೆ ತುಂಗಾದ್ದು. ಅದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಕಣ್ಣಿಗಳು ಮುಂದಿನ ದೀಪಾವಳಿಯವರೆಗೂ ಬಂದವು.

ಚುಕ್ಕಿಯದ್ದು ಪೂರ್ತಿ ಬಿಟ್ಟಿಲ್ಲ. ಮೇವು ಸರಿಯಾದ ಮೇಲೂ ಆಗಾಗ ಕಪಿಲೆಯ ಹೊಟ್ಟೆಯಡಿ ತಲೆ ಹಾಕುತ್ತಿತ್ತು. ಕಡಸುಗಳ ಮೊಲೆ ಹೀಗೆ ಚೀಪಿದರೆ ಕರು ಹಾಕುವ ಮೊದಲೇ ಕೆಚ್ಚಲು ಕೆಡುತ್ತೆ ಅಂತ ಡಾಕ್ಟರು ಹೆದರಿಸಿದರು, ಹಾಗಾಗಿ ಮೂಗಿಗೆ ಮುಳ್ಳಿನ ಬಳೆ ಹಾಕಿ ನಾಲ್ಕು ತಿಂಗಳು ಬೇರೆ ಕಟ್ಟಬೇಕಾಯಿತು. ಕಳೆದ ವರ್ಷ ಅದೂ ಕರು ಹಾಕಿತು, ಹೆಣ್ಣು ಕರು, ಹಣೆ ಮೇಲೆ ಅಮ್ಮನದ್ದೇ ಚುಕ್ಕೆ. ಚುಕ್ಕಿ ಹಾಳೆ ತುಂಡು ಅಗಿಯುವಾಗ ಆ ಪುಟ್ಟದು ಪಕ್ಕದಲ್ಲಿ ನಿಂತು, ಅಮ್ಮನ ತುಟಿಯ ಅಂಚಿನಿಂದ ಹೊರಗೆ ಇಣುಕುವ ತುಂಡನ್ನು ಮೂಸಿ ಮೂಸಿ ಎಳೆಯುತ್ತೆ. ನನ್ನಮ್ಮ ಮೊನ್ನೆ ಅದನ್ನು ನೋಡಿ, "ಇದಕ್ಕೆ ಬೆಲ್ಲ ದಂಡ ಮಾಡ್ಬೇಡ ಮಾರಾಯ" ಅಂದರು.